ಅಜ್ಜನ ಹುಲಿಯುಗುರು ಮನೆಯಲ್ಲಿದೆ, ಕಾಗದ ಇಲ್ಲ. ಏನು ಮಾಡುವುದು?

ತೋಟದಮನೆ
ನಮ್ಮದು ಮೂಡಿಗೆರೆ ಕಡೆ. ಅಪ್ಪ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಅವರ ಬೀರು ಖಾಲಿ ಮಾಡುವಾಗ ಚಿನ್ನದ ಕಟ್ಟು ಹಾಕಿಸಿದ ಹುಲಿಯುಗುರಿನ ಪದಕ ಸಿಕ್ಕಿತು. ಅಜ್ಜನದು. ಅಜ್ಜ ಅದನ್ನು ಹಾಕಿಕೊಂಡು ತೆಗೆಸಿದ ಒಂದು ಫೋಟೋ ಇದೆ, ಹಿಂದುಗಡೆ ಸ್ಟುಡಿಯೋ ಮೊಹರಿದೆ, 1961. ಅದು ಬಿಟ್ಟರೆ ಒಂದು ಚೀಟಿಯೂ ಇಲ್ಲ.

ಅಮ್ಮ ಅದನ್ನು ಯಾರಿಗೂ ಕೊಡುವುದು ಬೇಡ ಅನ್ನುತ್ತಾರೆ. ಭಾವ ಬೇರೆ ದಾರಿ ಹೇಳುತ್ತಿದ್ದಾರೆ. ಕೊಳ್ಳುವವರು ಗೊತ್ತಂತೆ, ಒಳ್ಳೆ ರೇಟು ಬರುತ್ತದಂತೆ, ಸುಮ್ನೆ ಮಾರಿ ಕೈತೊಳೆದುಕೊಳ್ಳಿ ಅನ್ನುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪಾ? 1972ರ ವನ್ಯಜೀವಿ ಕಾಯ್ದೆಗಿಂತ ಹಳೆಯ ಸಾಮಾನಿಗೂ ಅದು ಅನ್ವಯಿಸುತ್ತದಾ? ಗೊತ್ತಿದ್ದವರು ಹೇಳಿ.

ಸುಮ್ನೆ_ಓದೋನು
ಮಾರಬೇಡಿ. ಫೋಟೋ ಇಲ್ಲಿ ಹಾಕಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಹುಬ್ಬಳ್ಳಿ_ಮಂದಿ
ಏನ್ರೀ ಇದು, ಅಜ್ಜನ ಸಾಮಾನಿಗೆ ಮೊಮ್ಮಗನಿಗೆ ಜೈಲಾ? ಆ ಹುಲಿ ಸತ್ತು ಅರವತ್ತು ವರ್ಷದ ಮೇಲಾಯಿತು. ಕೊಂದವರೂ ಇಲ್ಲ. ಬೀರುವಿನಲ್ಲಿ ಇದ್ದದ್ದು ಇರಲಿ ಬಿಡಿ, ಯಾರು ಬಂದು ನೋಡುತ್ತಾರೆ?

ಕೋರ್ಟ್_ಕಾರಿಡಾರ್
ನೋಡುತ್ತಾರೆ. 2023ರ ಅಕ್ಟೋಬರ್ ಮರೆತುಬಿಟ್ಟಿರಾ? ವರ್ತೂರು ಸಂತೋಷ್ ಅವರನ್ನು ಬಿಗ್ ಬಾಸ್ ಮನೆಯಿಂದಲೇ ಕರೆದುಕೊಂಡು ಹೋದರು. ಟಿವಿಯಲ್ಲಿ ಕೊರಳಲ್ಲಿ ಕಂಡ ಪದಕವೇ ದೂರಿಗೆ ಕಾರಣ. ಆಮೇಲೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು.

ಈಗ ಕಾನೂನು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. ಟ್ರೋಫಿ ಅಂದರೆ ಏನೇನು ಅಂತ ಅದರಲ್ಲಿ ಪಟ್ಟಿಯೇ ಇದೆ. ಉಗುರು, ಹಲ್ಲು, ದಂತ, ಕೊಂಬು, ಗರಿ, ಮೊಟ್ಟೆ, ಕೊನೆಗೆ ಜೇನುಗೂಡೂ ಇದೆ. ಹುಲಿ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ. ಶಿಕ್ಷೆ ಮೂರು ವರ್ಷಕ್ಕೆ ಕಮ್ಮಿ ಇಲ್ಲ, ಏಳು ವರ್ಷದವರೆಗೆ ಹೋಗಬಹುದು. ದಂಡ ಕನಿಷ್ಠ 25 ಸಾವಿರ. ಮೊದಲು 10 ಸಾವಿರ ಇತ್ತು, 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಜಾಸ್ತಿಯಾಯಿತು.

ಹಳೆಯದಕ್ಕೂ ಅನ್ವಯಿಸುತ್ತದೆ. ಕಾಯ್ದೆ ಬಂದಾಗಲೇ 30 ದಿನದಲ್ಲಿ ಘೋಷಣೆ ಕೊಡಬೇಕಿತ್ತು. ಆಗ ಬಿಟ್ಟವರಿಗೆ 2003ರಲ್ಲಿ ಇನ್ನೊಂದು ಅವಕಾಶ ಕೊಟ್ಟರು, ಏಪ್ರಿಲ್ 18ರಿಂದ 180 ದಿನ. ಎರಡೂ ಸಲ ಊರ ಕಡೆಯ ಜನಕ್ಕೆ ವಿಷಯ ಮುಟ್ಟಲೇ ಇಲ್ಲ, ಅದು ನಿಜ. ಆದರೆ ಗೊತ್ತಿರಲಿಲ್ಲ ಅಂದರೆ ಕೋರ್ಟ್ ಕೇಳುವುದಿಲ್ಲ. ಇನ್ನೊಂದು ವಿಷಯ. ಸೆಕ್ಷನ್ 57ರ ಪ್ರಕಾರ ವಸ್ತು ನಿಮ್ಮ ಹತ್ತಿರ ಸಿಕ್ಕಿದರೆ ಅದು ಅಕ್ರಮ ಅಂತಲೇ ಹಿಡಿಯುತ್ತಾರೆ. ಸಕ್ರಮ ಅಂತ ತೋರಿಸುವ ಹೊಣೆ ನಿಮ್ಮದು.

ಹುಬ್ಬಳ್ಳಿ_ಮಂದಿ
ಅಂದರೆ ಕಳ್ಳ ಅಲ್ಲ ಅಂತ ನಾನೇ ಸಾಬೀತು ಮಾಡಬೇಕು. ಭಾರೀ ಚಂದ.

ಕಕ್ಕಬ್ಬೆ
ಕೊಡಗಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಹುಲಿ ಹೊಡೆದವನಿಗೆ ನರಿ ಮಂಗಲ ಅಂತ ಮಾಡುತ್ತಿದ್ದರು. ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಮದುವೆ ಗಂಡಿನ ಹಾಗೆ ಕೂರಿಸಿ ಮಂಗಲ ಮಾಡುವುದು. ಅಂಥ ಮನೆಗಳಲ್ಲಿ ಉಗುರು, ಚರ್ಮ, ಕೊಂಬು ಇಲ್ಲದೆ ಇರುತ್ತದಾ? ಯಾರೂ ವ್ಯಾಪಾರಕ್ಕೆ ಇಟ್ಟುಕೊಂಡದ್ದಲ್ಲ.

2024ರ ಜನವರಿಯಲ್ಲಿ ಸರ್ಕಾರ ಮೂರು ತಿಂಗಳ ಗಡುವು ಕೊಟ್ಟು ಎಲ್ಲವನ್ನೂ ತಂದೊಪ್ಪಿಸಿ ಅಂದಿತು. ನಮ್ಮವರು ಹೈಕೋರ್ಟಿಗೆ ಹೋದರು, ತಡೆ ಬಂತು. ಹಾಗಾಗಿ ಒಪ್ಪಿಸುವ ಮುಂಚೆ ವಕೀಲರನ್ನು ಕೇಳಿ. ಅವಸರ ಬೇಡ.

ಗಸ್ತಿನವನು
ಅವಸರ ಬೇಡ ಅನ್ನುವುದು ಅರ್ಧ ಸರಿ. ತಂದೆ ಹೋಗಿ ಎರಡು ತಿಂಗಳು ಅಂದಿದ್ದಾರೆ. ವಾರಸಿನಿಂದ ಬಂದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಸೆಕ್ಷನ್ 40ರಲ್ಲೇ ಇದೆ. ಇವರಿಗೆ ಇನ್ನೂ ಸಮಯ ಇದೆ. ಕಳೆದುಕೊಳ್ಳುವುದು ಯಾಕೆ?

ಕೋರ್ಟ್_ಕಾರಿಡಾರ್
ಒಳ್ಳೆಯ ಮಾತು, ಆದರೆ ಒಂದು ತೊಡಕಿದೆ. ತಂದೆಯ ಹತ್ತಿರ ಮಾಲೀಕತ್ವದ ಪ್ರಮಾಣಪತ್ರ ಇರಲಿಲ್ಲ. ಅವರದೇ ಸಕ್ರಮ ಅಲ್ಲದಿದ್ದರೆ ಮಗನಿಗೆ ಬಂದದ್ದು ಹೇಗೆ ಸಕ್ರಮ ಅಂತ ಇಲಾಖೆ ಕೇಳಬಹುದು. 2022ರಲ್ಲಿ ಸೇರಿಸಿದ 42ಎ ಕೂಡ ಪ್ರಮಾಣಪತ್ರ ಇದ್ದವರು ಸ್ವಇಚ್ಛೆಯಿಂದ ಒಪ್ಪಿಸುವುದಕ್ಕೆ ಮಾಡಿದ್ದು. ಕಾಗದ ಇಲ್ಲದವರ ಬಗ್ಗೆ ಕಾಯ್ದೆ ಹೆಚ್ಚುಕಮ್ಮಿ ಬಾಯಿ ಮುಚ್ಚಿಕೊಂಡಿದೆ. ಹಾಗಿದ್ದರೂ 90 ದಿನದೊಳಗೆ ನೀವೇ ಬರೆದುಕೊಟ್ಟರೆ ಬಚ್ಚಿಟ್ಟವರು ಅಂತ ಹೇಳುವುದು ಕಷ್ಟ. ವಕೀಲರ ಮೂಲಕ ಬರೆಯಿಸಿ, ಫೋಟೋದ ನಕಲು ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಲ್ಲೇಶ್ವರದ ಅರಣ್ಯ ಭವನಕ್ಕೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಒಂದು ಪ್ರತಿ ಹೋಗಲಿ.

ಚಿನಿವಾರ
ನಾನು ಅಕ್ಕಸಾಲಿ ಕೆಲಸದವನು. ಮೊದಲು ಅದು ನಿಜವಾದ ಉಗುರಾ ಅಂತ ನೋಡಿ. ಪೇಟೆಯಲ್ಲಿ ಓಡಾಡುವುದರಲ್ಲಿ ಮುಕ್ಕಾಲು ಪಾಲು ದನದ ಕೊಂಬು ಅಥವಾ ಪ್ಲಾಸ್ಟಿಕ್. ಕೊಂಬನ್ನು ಕೊರೆದು, ಬಗ್ಗಿಸಿ, ಪಾಲಿಶ್ ಹೊಡೆದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 2023ರಲ್ಲಿ ದೊಡ್ಡದೊಡ್ಡವರ ಮನೆ ತಪಾಸಣೆ ಆದಾಗ ನಮ್ಮ ಬೀದಿಯಲ್ಲಿ ಉಗುರಿನ ಕಟ್ಟು ಬಿಚ್ಚಿಸಲು ಜನ ಬಂದರು. ನಾನು ಒಂದನ್ನೂ ಮುಟ್ಟಲಿಲ್ಲ.

ಕೋಲಾರದವಳು
ಮುಕ್ಕಾಲು ಪಾಲು ಅನ್ನುವುದಕ್ಕೆ ಲೆಕ್ಕ ಎಲ್ಲಿದೆ?

ಚಿನಿವಾರ
ಲೆಕ್ಕ ಯಾರ ಹತ್ತಿರವೂ ಇಲ್ಲಮ್ಮ. ಕೈಗೆ ಬಂದದ್ದನ್ನು ನೋಡಿ ಹೇಳಿದೆ.

ಗಸ್ತಿನವನು
ಅಸಲಿಯೋ ನಕಲಿಯೋ ಕಣ್ಣಲ್ಲಿ ನೋಡಿ ಹೇಳಿದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಮಾದರಿ ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆಗೋ ಹೈದರಾಬಾದ್‌ನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಗೋ ಹೋಗಬೇಕು. ವರದಿ ಬರುವ ತನಕ ಕೇಸು ಅಲ್ಲೇ ಕೂತಿರುತ್ತದೆ. ನಕಲಿ ಅಂತ ಬಂದರೆ ವನ್ಯಜೀವಿ ಕೇಸು ಇಲ್ಲ. ಅಸಲಿ ಅಂತ ನಂಬಿಸಿ ಮಾರಿದವನ ಮೇಲೆ ವಂಚನೆ ಕೇಸು ಹಾಕಬಹುದು.

ಮತ್ತೆ ಆ ಭಾವನಿಗೆ ಒಂದು ಮಾತು ಹೇಳಿ. "ಒಳ್ಳೆ ರೇಟು ಕೊಡುವ ಗಿರಾಕಿ" ಎಷ್ಟೋ ಸಲ ನಮ್ಮ ಅರಣ್ಯ ಇಲಾಖೆಯವರೇ. ಗಿರಾಕಿ ವೇಷದಲ್ಲಿ ಹೋಗುವುದು ನಮ್ಮ ಹಳೇ ವಿಧಾನ. ಹೋಟೆಲ್ ಪಕ್ಕ, ಬಸ್ ಸ್ಟ್ಯಾಂಡ್, ಹೆದ್ದಾರಿ ಡಾಬಾ. ವಸ್ತು ಕೈ ಬದಲಾದ ತಕ್ಷಣ ಮಹಜರು.

ತೋಟದಮನೆ
ಭಾವನಿಗೆ ಇದನ್ನೇ ಓದಿ ಹೇಳಿದೆ. "ಹಾಗಾದರೆ ಕರಗಿಸಿ ಚಿನ್ನ ಇಟ್ಟುಕೊಂಡು ಉಗುರು ಒಲೆಗೆ ಹಾಕು" ಅಂದರು!

ಕೋರ್ಟ್_ಕಾರಿಡಾರ್
ಅದಕ್ಕೆ ಸಾಕ್ಷ್ಯ ನಾಶ ಅನ್ನುತ್ತಾರೆ. ನಿಮ್ಮ ಭಾವ ಯಾವ ಇಲಾಖೆಯಲ್ಲಿದ್ದಾರೆ ಅಂತ ಕೇಳುವುದಿಲ್ಲ.

ಹುಬ್ಬಳ್ಳಿ_ಮಂದಿ
ನನ್ನ ಸಿಟ್ಟು ಬೇರೆ. ಕೊರಳಲ್ಲಿ ಉಗುರು ಹಾಕಿಕೊಂಡವನು ಒಂದೇ ದಿನದಲ್ಲಿ ಒಳಗೆ. ನೂರಾರು ಚರ್ಮ ಸಾಗಿಸಿದವನು ಹತ್ತಾರು ವರ್ಷ ಹೊರಗೆ. ಕಾನೂನು ಯಾರಿಗೆ ಮಾಡಿದ್ದು?

ಕೋಲಾರದವಳು
ಯಾರ ಬಗ್ಗೆ ಹೇಳುತ್ತಿದ್ದೀರಿ? ಹೆಸರು ಹೇಳಿ ಮಾತಾಡಿ.

ಹುಬ್ಬಳ್ಳಿ_ಮಂದಿ
ಸಂಸಾರ್ ಚಂದ್. ಸಾಕಾ?

ಕೋರ್ಟ್_ಕಾರಿಡಾರ್
ಸರಿಯಾದ ಹೆಸರನ್ನೇ ತೆಗೆದಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲೇ ಇದೆ.

ಸಂಸಾರ್ ಚಂದ್ ದೆಹಲಿಯ ಸದರ್ ಬಜಾರ್‌ನವನು. ಮೊದಲು ಸಿಕ್ಕಿಬಿದ್ದದ್ದು 1974ರಲ್ಲಿ, ಹದಿನಾರರ ಹುಡುಗ. ಜೊತೆಯಲ್ಲಿ ಸಿಕ್ಕಿದ್ದು 680 ಚರ್ಮ. ಅಲ್ಲಿಂದ ಮುಂದೆ ಕೇಸು, ಜಾಮೀನು, ಮತ್ತೆ ಕೇಸು. ನೇಪಾಳ ಮತ್ತು ಟಿಬೆಟ್‌ನ ನಾಲ್ಕೇ ಗಿರಾಕಿಗಳಿಗೆ 470 ಹುಲಿ ಚರ್ಮ, 2,130 ಚಿರತೆ ಚರ್ಮ ಮಾರಿದ್ದೇನೆ ಅಂತ 2006ರಲ್ಲಿ ಸಿಬಿಐ ಮುಂದೆ ಹೇಳಿದ ಅಂತ ವರದಿಯಾಯಿತು. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ದೇಶಕ್ಕೆ ಗೊತ್ತಾದದ್ದೂ ಆ ಕಾಲದಲ್ಲೇ.

ಸುಪ್ರೀಂ ಕೋರ್ಟಿನ ತನಕ ಹೋಗಿ ನಿಂತ ಕೇಸು ಯಾವುದು ಗೊತ್ತಾ? 2003ರ ಜನವರಿಯಲ್ಲಿ ಚೇತಕ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬಲವಾನ್ ಅನ್ನುವವನನ್ನು ಭಿಲ್ವಾಡಾದಲ್ಲಿ ರೈಲ್ವೆ ಪೊಲೀಸರು ಹಿಡಿದರು. ಅವನ ಪೆಟ್ಟಿಗೆಯಲ್ಲಿ ಚಿರತೆ ಚರ್ಮ ಇತ್ತು. ಇದು ಸಂಸಾರ್ ಚಂದ್‌ಗೆ ತಲುಪಿಸಬೇಕಿತ್ತು ಅಂದ. ಆ ಹೇಳಿಕೆಯ ಜೊತೆಗೆ ಬೇರೆ ಸಾಕ್ಷ್ಯವೂ ಕೂಡಿ ಸಂಸಾರ್ ಚಂದನಿಗೆ ಐದು ವರ್ಷ ಶಿಕ್ಷೆ ಆಯಿತು. 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಮೇಲ್ಮನವಿ ವಜಾ ಮಾಡಿತು. 2014ರಲ್ಲಿ ಕ್ಯಾನ್ಸರ್‌ನಿಂದ ಸತ್ತ.

ಅಂದರೆ ಅವನ ಮನೆಯಲ್ಲಿ ಸಿಕ್ಕಿದ್ದಕ್ಕಲ್ಲ, ರೈಲಿನಲ್ಲಿ ಹೊರುತ್ತಿದ್ದವನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆ. ದೊಡ್ಡ ವ್ಯಾಪಾರಿ ಸರಕನ್ನು ಎಂದೂ ಮುಟ್ಟುವುದಿಲ್ಲ. ಉಗುರು ಹಾಕಿಕೊಂಡವನ ಮೇಲೆ ಸೆಕ್ಷನ್ 57 ಸುಲಭವಾಗಿ ಕೂರುತ್ತದೆ. ಮುಟ್ಟದವನ ಮೇಲೆ ಕೂರುವುದಿಲ್ಲ.

ಹುಬ್ಬಳ್ಳಿ_ಮಂದಿ
ಅಂದರೆ ನಾನು ಹೇಳಿದ್ದೇ ಸರಿ ಆಯಿತಲ್ಲ.

ಗಸ್ತಿನವನು
ಅರ್ಧ ಸರಿ. ಕಾನೂನಿಗಿಂತ ನಮ್ಮ ಕಾಗದಗಳೇ ಕೇಸು ಕೆಡಿಸುತ್ತವೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮಾಲು ಕಾಡಂಚಿನಲ್ಲಿ ರಾತ್ರಿ ಸಿಗುತ್ತದೆ. ಆ ಹೊತ್ತಿನಲ್ಲಿ ಪಂಚರನ್ನು, ಅಂದರೆ ಮಹಜರಿನ ಸಾಕ್ಷಿಗಳನ್ನು ಎಲ್ಲಿಂದ ತರುವುದು? ಪಕ್ಕದ ಊರಿನ ಇಬ್ಬರನ್ನು ಎಬ್ಬಿಸಿ ಸಹಿ ಹಾಕಿಸುತ್ತೇವೆ. ನಾಲ್ಕೈದು ವರ್ಷ ಆದ ಮೇಲೆ ಕೋರ್ಟಿನಲ್ಲಿ "ಖಾಲಿ ಹಾಳೆಗೆ ಸಹಿ ಹಾಕಿದೆ ಸ್ವಾಮಿ" ಅನ್ನುತ್ತಾರೆ. ಮುಗಿಯಿತು.

ಮಾಲಿಗೆ ಮೊಹರು ಹಾಕಿದ್ದು ಒಂದು ಕಡೆ, ಎಫ್‌ಓಸಿಯಲ್ಲಿ, ಅಂದರೆ ಅರಣ್ಯ ಅಪರಾಧದ ವರದಿಯಲ್ಲಿ ತೂಕ ಬರೆದದ್ದು ಇನ್ನೊಂದು. ಗ್ರಾಂ ಲೆಕ್ಕದಲ್ಲಿ ವ್ಯತ್ಯಾಸ ಬಂದರೂ ಅವರ ವಕೀಲರು ಬಿಡುವುದಿಲ್ಲ. ಬಿಡಬಾರದು ಕೂಡ, ಅದು ಅವರ ಕೆಲಸ. ಆರೋಪಿಯ ಹೇಳಿಕೆಯನ್ನು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಬರೆದುಕೊಂಡರೆ ಅದು ಸಾಕ್ಷ್ಯ ಆಗುತ್ತದೆ. ಅದೇ ಹೇಳಿಕೆಯನ್ನು ನನ್ನಂಥವನು ಬರೆದುಕೊಂಡರೆ ಕಸದ ಬುಟ್ಟಿ.

ಕೋರ್ಟ್_ಕಾರಿಡಾರ್
ಇದಕ್ಕಿಂತ ದೊಡ್ಡ ತೂತು ಸೆಕ್ಷನ್ 55. ಅಧಿಕಾರ ಪಡೆದ ಅಧಿಕಾರಿ ಕೋರ್ಟಿಗೆ ಖುದ್ದು ದೂರು ಕೊಡಬೇಕು. ಪೊಲೀಸರು ಹಿಡಿದು ತಮ್ಮ ಚಾರ್ಜ್‌ಶೀಟ್ ಒಂದನ್ನೇ ಸಲ್ಲಿಸಿದರೆ ಕೇಸು ಅಲ್ಲೇ ಬೀಳುವ ಅಪಾಯ ಇದೆ. ಎಷ್ಟೋ ಹೈಕೋರ್ಟ್‌ಗಳು ಹೀಗೆ ರದ್ದು ಮಾಡಿವೆ. ಇದೇ ಸೆಕ್ಷನ್ ಪ್ರಕಾರ ಸಾಮಾನ್ಯ ಮನುಷ್ಯನೂ 60 ದಿನದ ನೋಟಿಸ್ ಕೊಟ್ಟು ತಾನೇ ದೂರು ಹಾಕಬಹುದು. ಹಾಕುವವರು ತೀರಾ ಕಮ್ಮಿ.

ಪೊಲೀಸ್ ತನಿಖೆ, ಅರಣ್ಯಾಧಿಕಾರಿಯ ದೂರು ಎರಡೂ ಒಟ್ಟಿಗೆ ನಡೆಯಬಹುದು ಅಂತ 1988ರಲ್ಲೇ ಬಿಹಾರದ ಮುರಾದ್ ಅಲಿ ಖಾನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಆನೆ ಕೊಂದು ದಂತ ತೆಗೆದಿದ್ದರು. ಪೊಲೀಸ್ ತನಿಖೆ ನಡೆಯುತ್ತಿದೆ ಅಂತ ಅರಣ್ಯಾಧಿಕಾರಿಯ ದೂರು ನಿಲ್ಲಬೇಕಿಲ್ಲ ಅಂದರು.

ಸುಮ್ನೆ_ಓದೋನು
ದಂತ ಅಂದಾಗ ನೆನಪಾಯಿತು. ಮೋಹನ್‌ಲಾಲ್ ಕೇಸು ಏನಾಯಿತು?

ಕೋರ್ಟ್_ಕಾರಿಡಾರ್
2011ರಲ್ಲಿ ಆದಾಯ ತೆರಿಗೆಯವರು ಅವರ ಮನೆ ಶೋಧಿಸಿದಾಗ ದಂತ ಸಿಕ್ಕಿತು. ಅರಣ್ಯ ಇಲಾಖೆ ಕೇಸು ಹಾಕಿತು. ಆಮೇಲೆ ಸರ್ಕಾರವೇ ಘೋಷಣೆಗೆ ಅವಕಾಶ ಕೊಟ್ಟು ಮಾಲೀಕತ್ವದ ಪ್ರಮಾಣಪತ್ರ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಕೇರಳ ಹೈಕೋರ್ಟ್ ಆ ಆದೇಶವನ್ನೂ ಪ್ರಮಾಣಪತ್ರವನ್ನೂ ಅಸಿಂಧು ಅಂದಿತು. ಗೆಜೆಟ್‌ನಲ್ಲಿ ಪ್ರಕಟ ಮಾಡಬೇಕಿತ್ತು, ಮಾಡಿರಲಿಲ್ಲ. ಸರ್ಕಾರ ಬೇಕಿದ್ದರೆ ಕ್ರಮಬದ್ಧವಾಗಿ ಹೊಸದಾಗಿ ಮಾಡಲಿ ಅಂತಲೂ ಹೇಳಿತು.

ಹುಬ್ಬಳ್ಳಿ_ಮಂದಿ
ಅವರಿಗಾದರೆ ಸರ್ಕಾರ ಹೊಸ ಅವಕಾಶ ಕೊಡುತ್ತದೆ. ಮೂಡಿಗೆರೆಯವರಿಗೆ?

ಮೈಸೂರ್_ಮಲ್ಲಿಗೆ
ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಬಗ್ಗೆ ಯಾರೂ ಹೇಳಲೇ ಇಲ್ಲ. 1900ರ ಸುಮಾರಿನಿಂದ 1999ರ ತನಕ ಸತ್ತ ಹುಲಿ, ಚಿರತೆಗಳನ್ನು ಜೀವ ಇದ್ದ ಹಾಗೆ ಮಾಡಿ, ಕಣ್ಣು ಕೂರಿಸಿ ಕೊಡುತ್ತಿದ್ದ ಮನೆ. ದೇಶದ ಮಹಾರಾಜರೆಲ್ಲ ಅಲ್ಲಿಗೇ ಕಳಿಸುತ್ತಿದ್ದರು. ಅವರ ಕೆಲಸದಲ್ಲಿ ನಂಬರ್ ಇರುತ್ತದೆ. ನಮ್ಮ ನೆಂಟರ ಮನೆಯಲ್ಲಿ ಒಂದು ಚಿರತೆ ತಲೆ ಇತ್ತು, ಅದಕ್ಕೆ ಇಲಾಖೆಯ ಪ್ರಮಾಣಪತ್ರವೂ ಇತ್ತು. ಗೋಡೆಯಲ್ಲೇ ಫ್ರೇಮ್ ಹಾಕಿಸಿದ್ದರು, ತಲೆಯ ಪಕ್ಕದಲ್ಲಿ!

ಟೇಮ್ಸ್_ತೀರ
ಅವೇ ಇಲ್ಲಿ ಇಂಗ್ಲೆಂಡಿನ ಹರಾಜುಗಳಲ್ಲಿ ಬರುತ್ತವೆ. "ಮೈಸೂರು" ಅಂತ ಹಲಗೆಯ ಮೇಲೆ ಬರೆದಿರುತ್ತದೆ. 1947ರ ಮಾರ್ಚ್‌ಗಿಂತ ಮುಂಚೆ ತಯಾರಾದದ್ದಾದರೆ ಇಲ್ಲಿ ಮಾರಾಟಕ್ಕೆ ವಿನಾಯಿತಿ ಇದೆ. ದಂತಕ್ಕೆ ಮಾತ್ರ ಬೇರೆ ಕಾನೂನು, 2022ರಿಂದ ಬಹಳ ಬಿಗಿ. ಒಂದನ್ನು ಕೊಂಡು ಮೈಸೂರಿಗೇ ವಾಪಸ್ ತರಬಹುದಾ ಅಂತ ಒಂದು ಆಸೆ.

ಕೋರ್ಟ್_ಕಾರಿಡಾರ್
ತರಬೇಡಿ. ಕಸ್ಟಮ್ಸ್‌ನವರು ನಿಮ್ಮ ಊರಿನ ಅಭಿಮಾನ ಕೇಳುವುದಿಲ್ಲ.

ಕೋಲಾರದವಳು
ಹುಲಿ, ಆನೆ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ನಡೆಯುವ ವ್ಯಾಪಾರ ನಕ್ಷತ್ರ ಆಮೆಯದು. ಹೊಲದ ಬದುವಿನಲ್ಲಿ ಸಿಗುತ್ತದೆ. ಹುಡುಗರಿಗೆ ಚಿಲ್ಲರೆ ಕಾಸು ಕೊಟ್ಟು ಹಿಡಿಸುತ್ತಾರೆ. ಅಲ್ಲಿಂದ ಸೂಟ್‌ಕೇಸಿನಲ್ಲಿ ಆಗ್ನೇಯ ಏಷ್ಯಾಕ್ಕೆ. ಸಾಕುವವರ ಹುಚ್ಚಿಗೆ. 2019ರಲ್ಲಿ ಕಾಡುಪ್ರಾಣಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿದರು. ವ್ಯಾಪಾರ ನಿಲ್ಲಲಿಲ್ಲ.

ಇನ್ನು ಮಣ್ಣುಮುಕ್ಕ ಹಾವು. ಎರಡು ತಲೆ ಹಾವು ಅಂತ ಹೇಳಿ ಕೋಟಿ ಕೋಟಿ ಮಾತಾಡುತ್ತಾರೆ. ನಿಧಿ ಸಿಗುತ್ತದಂತೆ! ಅದರ ಬಾಲ ಮೊಂಡು, ಅಷ್ಟೇ. ನಮ್ಮೂರಿನ ಒಬ್ಬರು ಅಡ್ವಾನ್ಸ್ ಕೊಟ್ಟು ಜಮೀನು ಕಳೆದುಕೊಂಡರು. ದೂರು ಕೊಡಲು ಹೋದರೆ ತಾವೂ ಒಳಗೆ, ಅದಕ್ಕೆ ಸುಮ್ಮನಾದರು.

ಎಲ್ಲಾ_ಬಲ್ಲೆ
ಹಾವಿನ ಕೇಸು ದೊಡ್ಡದಲ್ಲ ಬಿಡಿ. ಅದು ನಾಲ್ಕನೇ ಅನುಸೂಚಿ. ದಂಡ ಕಟ್ಟಿ ಬರಬಹುದು.

ಗಸ್ತಿನವನು
ಹಳೇ ಪುಸ್ತಕ ಓದಿದ್ದೀರಿ. ಆರು ಅನುಸೂಚಿ ಇದ್ದದ್ದು 2023ರ ಮಾರ್ಚ್ ತನಕ. ಈಗ ನಾಲ್ಕೇ. ಈಗಿನ ನಾಲ್ಕನೆಯದು ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ. ದಂಡ ಕಟ್ಟಿ ಬರುವ ಲೆಕ್ಕದಲ್ಲಿ ಹಾವು ಹಿಡಿಯಲು ಹೋಗಬೇಡಿ.

ಎಲ್ಲಾ_ಬಲ್ಲೆ
ನಾನು ಹಿಡಿಯುತ್ತೇನೆ ಅಂದೆನಾ? ಸಾಮಾನ್ಯ ಜ್ಞಾನ ಹೇಳಿದೆ ಅಷ್ಟೇ. ಅದಿರಲಿ, ನಮ್ಮ ಮನೆಯಲ್ಲಿ ಆಫ್ರಿಕನ್ ಗ್ರೇ ಗಿಳಿ ಇದೆ. ವಿದೇಶಿ ಹಕ್ಕಿ. ಅದಕ್ಕೂ ತಕರಾರಾ?

ಕೋರ್ಟ್_ಕಾರಿಡಾರ್
ನೋಂದಣಿ ಮಾಡಿಸಿದ್ದೀರಾ? ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿ ಸಾಕುವವರಿಗೆ 2024ರ ಫೆಬ್ರವರಿ 28ರಂದು ನಿಯಮ ಬಂತು. ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಆರು ತಿಂಗಳೊಳಗೆ ವಿವರ ತುಂಬಬೇಕಿತ್ತು. ನಮ್ಮ ಊರಿನ ಹಸಿರು ಗಿಳಿಯನ್ನಂತೂ ಸಾಕುವ ಹಾಗೇ ಇಲ್ಲ, ಪಂಜರದ ಗಿಳಿ ಶಾಸ್ತ್ರದವರೂ ಸೇರಿ.

ಎಲ್ಲಾ_ಬಲ್ಲೆ
…

ಹುಬ್ಬಳ್ಳಿ_ಮಂದಿ
ಎಲ್ಲಾ ಬಲ್ಲವರು ಪೋರ್ಟಲ್ ಹುಡುಕಲು ಹೋದರು.

ಬೀಟೆಮರ
ಒಂದು ಡೌಟು. ಆನ್‌ಲೈನ್‌ನಲ್ಲಿ ಮ್ಯಾಮತ್ ದಂತದ ಚಾಕು ಹಿಡಿ, ಪೆನ್ನು ಕಾಣಿಸುತ್ತದೆ. ಸೈಬೀರಿಯಾದ ಹಿಮದಲ್ಲಿ ಸಿಕ್ಕಿದ್ದಂತೆ. ಆನೆ ಜಾತಿಯ ಆ ಪ್ರಾಣಿ ಅಳಿದು ಸಾವಿರಾರು ವರ್ಷ ಆಯಿತು. ಅದನ್ನು ತರಿಸಿಕೊಳ್ಳಬಹುದು ಅಲ್ವಾ? ನಮ್ಮದು ಕೂಡಿಸುವ ಕೆಲಸ. ಬೀಟೆ ಮರದಲ್ಲಿ ಮೊದಲು ದಂತ ಕೂರಿಸುತ್ತಿದ್ದರು, ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ನೋಡಬಹುದು. ಈಗ ಪ್ಲಾಸ್ಟಿಕ್. ಮ್ಯಾಮತ್ ಸಿಕ್ಕರೆ ಕೆಲಸಕ್ಕೆ ಹಳೇ ಕಳೆ ಬರುತ್ತದೆ.

ಕೋರ್ಟ್_ಕಾರಿಡಾರ್
ಇದೇ ವಾದವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕೇಳಿ ತಳ್ಳಿಹಾಕಿದೆ. ಬಲರಾಮ್ ಕುಮಾವತ್ ಕೇಸು. ಮ್ಯಾಮತ್ ಕಾಡುಪ್ರಾಣಿಯೇ ಅಲ್ಲ, ಅಳಿದುಹೋಗಿದೆ, ಹಾಗಾಗಿ ನಿಷೇಧ ಬರುವುದಿಲ್ಲ ಅಂತ ವ್ಯಾಪಾರಿಗಳು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಹೊರಗಿನಿಂದ ಬಂದ ದಂತ ಯಾವುದೇ ಆಗಿರಲಿ ವ್ಯಾಪಾರ ನಿಷೇಧ ಅಂದರು. ಆಫ್ರಿಕಾ ದಂತದ ದಾಸ್ತಾನು ಇಟ್ಟುಕೊಂಡಿದ್ದ ಅಂಗಡಿಗಳೂ ಅದೇ ವರ್ಷ ಇಂಡಿಯನ್ ಹ್ಯಾಂಡಿಕ್ರಾಫ್ಟ್ಸ್ ಎಂಪೋರಿಯಂ ಕೇಸಿನಲ್ಲಿ ಸೋತವು. 1991ರ ತಿದ್ದುಪಡಿ ನಮ್ಮ ಕಸುಬಿನ ಹಕ್ಕು ಕಿತ್ತುಕೊಂಡಿತು ಅಂತ ಅವರ ವಾದ.

ಗಸ್ತಿನವನು
ಕಾರಣವೂ ಇದೆ. ದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ದಾಟುವ ಗೆರೆ ಕಾಣುತ್ತವೆ. ಆನೆಯದರಲ್ಲಿ ಕೋನ ಅಗಲ, ಸುಮಾರು 115 ಡಿಗ್ರಿಗಿಂತ ಜಾಸ್ತಿ. ಮ್ಯಾಮತ್‌ನಲ್ಲಿ 90ಕ್ಕಿಂತ ಕಮ್ಮಿ. ಪೂರ್ತಿ ದಂತ ಇದ್ದರೆ ಹೇಳಬಹುದು. ನೀವು ಎಲೆ, ಹೂವು ಅಂತ ಕಡಲೆ ಗಾತ್ರಕ್ಕೆ ಕತ್ತರಿಸಿ ಮರದಲ್ಲಿ ಕೂರಿಸಿದ ಮೇಲೆ ಯಾರು ಹೇಳಬೇಕು? ಮ್ಯಾಮತ್ ಹೆಸರಲ್ಲಿ ಆನೆಯದೇ ನುಗ್ಗುತ್ತದೆ.

ಬೀಟೆಮರ
ಹೂಂ. ಪ್ಲಾಸ್ಟಿಕ್ಕೇ ಗತಿ.

ತೋಟದಮನೆ
ಇವತ್ತು ಚಿಕ್ಕಮಗಳೂರಿನ ವಕೀಲರೊಬ್ಬರನ್ನು ನೋಡಿ ಬಂದೆ. ಘೋಷಣೆ ಬರೆಸಿದ್ದೇವೆ, ಅಪ್ಪನ ಮರಣ ಪ್ರಮಾಣಪತ್ರ, ಅಜ್ಜನ ಫೋಟೋ, ವಂಶವೃಕ್ಷ ಎಲ್ಲ ಸೇರಿಸಿ. ನಾಡಿದ್ದು ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ ಕೊಡುತ್ತೇವೆ. ಇಲಾಖೆ ವಶಕ್ಕೆ ತೆಗೆದುಕೊಂಡರೆ ಚಿನ್ನದ ಕಟ್ಟಾದರೂ ವಾಪಸ್ ಸಿಗುತ್ತದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಕೋರ್ಟ್_ಕಾರಿಡಾರ್
ಅರ್ಜಿಯಲ್ಲೇ ಕೇಳಿ. ಮೊದಲೇ ಬಿಚ್ಚಬೇಡಿ, ಇದ್ದ ಹಾಗೇ ಇರಲಿ.

ಕಕ್ಕಬ್ಬೆ
ಆ ಫೋಟೋದ ಮೂಲ ಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ.

ನ್ಯೂಜೆರ್ಸಿ_ನಾಗವೇಣಿ
ಇಷ್ಟೆಲ್ಲ ಓದಿ ಭಯ ಆಗುತ್ತಿದೆ. ಕೃಷ್ಣನ ಅಲಂಕಾರಕ್ಕೆ ಅಂತ ಅತ್ತೆ ಊರಿನಿಂದ ನವಿಲುಗರಿ ತರುತ್ತಿದ್ದಾರೆ. ನವಿಲೂ ಮೊದಲ ಅನುಸೂಚಿ ಅಲ್ವಾ? ಜಾತ್ರೆಯಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ?

ಕೋರ್ಟ್_ಕಾರಿಡಾರ್
ನವಿಲಿನ ಬಾಲದ ಗರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ತಾನಾಗಿ ಉದುರಿದ್ದನ್ನು ದೇಶದೊಳಗೆ ಇಟ್ಟುಕೊಳ್ಳಬಹುದು, ಮಾರಬಹುದು. ರಫ್ತು ಮಾತ್ರ ನಿಷೇಧ. ವಿಮಾನ ಹತ್ತಿಸುವ ಹಾಗಿಲ್ಲ.

ನ್ಯೂಜೆರ್ಸಿ_ನಾಗವೇಣಿ
ಅಯ್ಯೋ. ಗರಿ ಮುರಿಯಬಾರದು ಅಂತ ಚಪಾತಿ ಲಟ್ಟಣಿಗೆಗೆ ಕಟ್ಟಿ ಸೂಟ್‌ಕೇಸ್ ಮುಚ್ಚಿಯಾಗಿದೆಯಂತೆ. ಅತ್ತೆಗೆ ಈಗ ಹೇಳುವವರು ಯಾರು?

ಹುಬ್ಬಳ್ಳಿ_ಮಂದಿ
ಗಸ್ತಿನವರನ್ನು ಕಳಿಸಿ.

ಗಸ್ತಿನವನು
ಅತ್ತೆ ಸೊಸೆ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.